ಐದನೆಯ ಬಾಟಲಿ

ಧಾರವಾಡ
2 ಡಿಸೆಂಬರ್ 2024

ಪ್ರೀತಿಯ ಶ್ರೀಪಾಲ ಮಾಮಾ,

ಜಯ ಜಿನೇಂದ್ರ. ಫೋನ್ ಮಾಡಿದರೆ ನೀವು "ಯಾರ್ರೀ? ಯಾರ ಬೇಕಾಗಿತ್ತು?" ಎಂದು ಎರಡು ಸಲ ಕೇಳಿ ಇಟ್ಟುಬಿಡುತ್ತೀರಿ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದು ಹೇಳಿ ಹೇಳಿ ನಿಮ್ಮ ಮಗಳು ಮನೀಷಾಗೂ ಸಾಕಾಗಿದೆಯಂತೆ. ಅದಕ್ಕೇ ಈ ಪತ್ರ.

ಒಂದು ಕೆಲಸವಾಗಬೇಕಿತ್ತು. ನಾನು ಇಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಒಂದು ಬಳೆ ಮಾಡುತ್ತಿದ್ದೇನೆ. ಕೈಗೆ ಹಾಕುವ ಬಳೆಯಲ್ಲ, ಒಂದೇ ಒಂದು ಅಣು. ಕುಂಬಳಕಾಯಿಯ ತಲೆಯನ್ನೂ ಬುಡವನ್ನೂ ಕೊಯ್ದು, ಒಳಗಿನ ತಿರುಳು ತೆಗೆದಿಟ್ಟರೆ ಹೇಗಿರುತ್ತದೋ ಹಾಗೆ ಇರುತ್ತದೆ. ನನ್ನ ಬಳೆಯ ಟೊಳ್ಳು ದೊಡ್ಡದು. ನೀರಿನಲ್ಲಿ ಆ ಟೊಳ್ಳಿಗೆ ಒಪ್ಪುವ ಬೇರೊಂದು ಅಣು ಇದ್ದರೆ, ಸಾವಿರ ಅಣುಗಳ ನಡುವೆ ಅದನ್ನೇ ಗುರುತಿಸಿ ಒಳಗೆ ಕೂರಿಸಿಕೊಳ್ಳುತ್ತದೆ. ಬಳೆಗೆ ಆತಿಥೇಯ ಎಂದೂ ಒಳಗೆ ಬಂದದ್ದಕ್ಕೆ ಅತಿಥಿ ಎಂದೂ ನಮ್ಮ ಶಾಸ್ತ್ರದಲ್ಲಿ ಹೆಸರು. ನಮ್ಮ ಅತಿಥಿ ಮಾತ್ರ ಒಳ್ಳೆಯವನಲ್ಲ. ಪ್ಯಾರಾಕ್ವಾಟ್, ಬದುವಿನ ಹುಲ್ಲು ಸುಡಲು ಹೊಡೆಯುವ ಔಷಧ. ನಮ್ಮ ಕಡೆ ಅಂಗಡಿಯವರು "ಕಸದ ಎಣ್ಣಿ" ಎಂದು ಕೊಡುತ್ತಾರಲ್ಲ, ಅದೇ.

ನಮ್ಮ ಕಡೆಯ ಬಾವಿ ನೀರು ಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಾಲೂಕಿಗೊಂದು ಬಾಟಲಿ. ಕಾಗವಾಡದ್ದು ನಿಮ್ಮ ಶೇಡಬಾಳದ ತೋಟದ ಬಾವಿಯದೇ ಆಗಲಿ. ನೀವು ಹೇಗೂ ಒಂದು ಕಡೆ ಕೂರುವವರಲ್ಲ, ಬಸ್ಸಿನಲ್ಲಿ ತಿರುಗುತ್ತಲೇ ಇರುತ್ತೀರಿ.

ನಿಮ್ಮ ಮನೆಯಲ್ಲಿದ್ದು ಶಾಲೆ ಕಲಿತ ಮೂರು ವರ್ಷ, ನೀರು ಗಾಳಿಸುವ ಬಟ್ಟೆಯನ್ನು ರಾಜಮತಿ ಅತ್ತಿ ನನ್ನ ಕೈಗೇ ಕೊಡುತ್ತಿದ್ದರು. "ಕಣ್ಣಿಗೆ ಕಾಣೂದಷ್ಟ ನೀರಾಗ ಐತಿ ಅಂತ ತಿಳಿಬ್ಯಾಡ" ಎನ್ನುತ್ತಿದ್ದರು. ಈಗ ನಾನು ಮಾಡುತ್ತಿರುವುದೂ ಅದೇ ಕೆಲಸ, ಬಟ್ಟೆ ಮಾತ್ರ ಬೇರೆ.

ನಿಮ್ಮ
ಪ್ರಾಜಕ್ತಾ


ಶೇಡಬಾಳ
9 ಡಿಸೆಂಬರ್ 2024

ಮೈ ಡಿಯರ್ ನೀಸ್, ಅವ್ವಾ ಪ್ರಾಜಕ್ತಾ,

ನಿನ್ನ ಪತ್ರ ಬಂದಿತು. ಮೂರು ಸಲ ಓದಿದೆ. ಮೊದಲ ಸಲ ಕಟ್ಟೆಯ ಮೇಲೆ, ಎರಡನೆಯ ಸಲ ಬಸ್ ಸ್ಟ್ಯಾಂಡಿನಲ್ಲಿ, ಮೂರನೆಯ ಸಲ ತೋಟದಲ್ಲಿ ನಿಂತುಕೊಂಡು. ಕೂತು ಓದಲಾಗಲಿಲ್ಲ. ಈ ವರ್ಷ ದ್ರಾಕ್ಷಿಗೆ ಬೇಡದ ಹೊತ್ತಿನಲ್ಲಿ ಮಳೆ ಬಂದು ಗೊನೆಯೊಳಗೆ ಕೊಳೆ ಕಾಣಿಸಿದೆ, ಅದರ ಓಡಾಟವೂ ಇದೆ.

ಕೆಮಿಸ್ಟ್ರಿ ನನಗೆ ಹೊಸದಲ್ಲ ಎಂಬುದು ನಿನಗೆ ಗೊತ್ತಿರಲಿ. ಚಿಕ್ಕೋಡಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದವರೆಗೆ ಹೋದವನು. ಅಪ್ಪ ತೀರಿಕೊಂಡರು, ಪುಸ್ತಕ ಕಟ್ಟಿಟ್ಟು ಬಂದೆ. ಲೈಕ್ ಡಿಸಾಲ್ವ್ಸ್ ಲೈಕ್, ಇದು ಇನ್ನೂ ನೆನಪಿದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಮೂರು ಕಾಲಂ ಇರುತ್ತಿದ್ದವು. ಎಕ್ಸ್‌ಪೆರಿಮೆಂಟ್, ಆಬ್ಜರ್ವೇಶನ್, ಇನ್ಫರೆನ್ಸ್. ಕೊಟ್ಟ ಉಪ್ಪು ಯಾವುದೆಂದು ಅಟೆಂಡರನ ಕಡೆಯಿಂದ ಮೊದಲೇ ತಿಳಿದುಕೊಂಡು, ಇನ್ಫರೆನ್ಸ್ ಮುಂಚೆ ಬರೆದು, ಆಬ್ಜರ್ವೇಶನ್ ಆಮೇಲೆ ತುಂಬುತ್ತಿದ್ದೆವು. ಬಣ್ಣ ಬರಲಿ ಬಿಡಲಿ, "ವಯೊಲೆಟ್ ಕಲರ್ ಆಬ್ಜರ್ವ್ಡ್". ಮಾಸ್ತರರು ರುಜು ಹಾಕುತ್ತಿದ್ದರು. ಆ ಚಾಳಿ ಒಳ್ಳೆಯದಲ್ಲ ಎಂದು ಈಗ ಅನಿಸುತ್ತದೆ.

ನೀರು ತರುತ್ತೇನೆ. ನಿಪ್ಪಾಣಿಯದು ಮನೀಷಾಳ ಮನೆಯ ಬಾವಿಯದು. ರಾಯಬಾಗಕ್ಕೆ ಚಿಂಚಲಿಯಲ್ಲಿ ಪರಿಚಯದವರಿದ್ದಾರೆ. ಅಥಣಿಗೆ ಅನಂತಪುರ. ಚಿಕ್ಕೋಡಿಯಲ್ಲಿ ಕಾಲೇಜಿನ ಹಿಂದಿನ ಬಾವಿ, ಇನ್ನೂ ಇದ್ದರೆ. ನಮ್ಮದಂತೂ ನನಗೂ ಪಕ್ಕದ ಹೊಲದ ಸಿದ್ದಲಿಂಗನಿಗೂ ಕೂಡಿದ ಬಾವಿ, ಅದು ನಿನಗೆ ಗೊತ್ತು. ಅವನ ಹೆಂಡತಿ ಕಸ್ತೂರೆವ್ವ ನಿನ್ನನ್ನು ಕೇಳುತ್ತಿರುತ್ತಾಳೆ.

ಒಂದು ವಿಚಾರ. ಜನರಲ್ ನಾಲೆಡ್ಜ್‌ಗಾಗಿ ಕೇಳುತ್ತಿದ್ದೇನೆ. ಆ ಔಷಧ ಮನುಷ್ಯನ ಹೊಟ್ಟೆಗೆ ಹೋದರೆ ನಿನ್ನ ಬಳೆ ಅಲ್ಲಿಯೂ ಹಿಡಿಯುತ್ತದೆಯೇ? ಎಷ್ಟು ತಾಸಿನೊಳಗೆ ಕೊಡಬೇಕು? ಒಂದು ಗುಟುಕು ಮಾತ್ರ ಹೋಗಿ ಉಳಿದದ್ದನ್ನು ಉಗುಳಿದ್ದರೆ? ಮರುದಿನ ಕೊಟ್ಟರೆ? ಒಂಬತ್ತು ವರ್ಷದ ಹಿಂದೆ ಇಂಥದು ದವಾಖಾನೆಗಳಲ್ಲಿ ಇತ್ತೇ?

ಇನ್ನೇನೋ ಬರೆಯಬೇಕಿತ್ತು, ಮರೆತೆ.

ಯುವರ್ಸ್ ಫೇತ್‌ಫುಲಿ,
ಶ್ರೀಪಾಲ


ಧಾರವಾಡ
15 ಡಿಸೆಂಬರ್ 2024

ಪ್ರೀತಿಯ ಮಾಮಾ,

ಎಷ್ಟು ಪ್ರಶ್ನೆಗಳು! ಬಿಟ್ಟುಹೋದ ಬಿ.ಎಸ್ಸಿ. ಮುಗಿಸುವ ವಿಚಾರವಿದೆಯೇ? ನಮ್ಮ ಲ್ಯಾಬಿನ ಮೇಡಂಗೆ ಓದಿ ತೋರಿಸಿದೆ. "ನಿಮ್ಮ ಮಾಮಾನ ಇಲ್ಲಿಗೆ ಕರಕೊಂಡ ಬರ್ರಿ, ನಮ್ಮ ಹುಡುಗರು ಇಷ್ಟು ಚಂದ ಕೇಳೂದಿಲ್ಲ" ಎಂದರು.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಇಲಿಗಳಲ್ಲಿ ಹಿಡಿಯುತ್ತದೆ, ಅದೂ ಮೊದಲ ಒಂದೆರಡು ತಾಸಿನೊಳಗೆ ಕೊಟ್ಟರೆ. ವಿಷ ಶ್ವಾಸಕೋಶಕ್ಕೆ ಸೇರಿದ ಮೇಲೆ ಬಳೆಗೆ ಅದು ಸಿಕ್ಕುವುದಿಲ್ಲ. ಮನುಷ್ಯರಿಗೆ ಕೊಡುವ ಹಂತ ಇನ್ನೂ ಬಂದಿಲ್ಲ. ಒಂಬತ್ತು ವರ್ಷದ ಹಿಂದಂತೂ ಯಾವ ದವಾಖಾನೆಯಲ್ಲೂ ಇರಲಿಲ್ಲ, ಇವತ್ತಿಗೂ ಇಲ್ಲ. ಒಂದೇ ಗುಟುಕು ಹೋಗಿದ್ದರೂ ಅಪಾಯವೇ. ಮೋಸವೆಂದರೆ, ಎರಡು ಮೂರು ದಿನ ಮನುಷ್ಯ ಎದ್ದು ಕೂತು ಮಾತಾಡುತ್ತಾನಂತೆ.

ನನಗೆ ಇಷ್ಟವಾಗುವ ಸಂಗತಿಯೊಂದಿದೆ, ಕೇಳಿ. ಬಳೆಯ ಟೊಳ್ಳು ಖಾಲಿ ಇರುವುದಿಲ್ಲ, ಅದರೊಳಗೆ ನೀರಿರುತ್ತದೆ. ಆದರೆ ಆ ನೀರಿಗೆ ನೆಮ್ಮದಿಯಿಲ್ಲ. ಹೊರಗೆ ನೀರಿನ ಒಂದು ಕಣ ಮೂರು ನಾಲ್ಕು ಕಣಗಳ ಕೈ ಹಿಡಿದಿರುತ್ತದೆ. ಒಳಗೆ ಅಷ್ಟು ಕೈ ಸಿಗುವುದಿಲ್ಲ. ಸುತ್ತ ಗೋಡೆ, ನಡುವೆ ಚಡಪಡಿಸುತ್ತ ಕೂತಿರುತ್ತದೆ. ಅತಿಥಿ ಬಂದ ಕೂಡಲೇ ಹೊರಗೆ ಓಡಿಹೋಗುತ್ತದೆ. ಬಳೆ ಅತಿಥಿಯನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಕ್ಕೆ ಅರ್ಧ ಕಾರಣ ಆ ಓಟವೇ.

ನನ್ನ ಬಳೆ ದೊಡ್ಡದಾದ್ದರಿಂದ ಒಳಗೆ ಇಬ್ಬರಿಗೆ ಜಾಗವಿದೆ. ಮೊದಲು ಪ್ಯಾರಾಕ್ವಾಟ್ ಕೂರಬೇಕು. ಆಮೇಲೆ ನಾನು ಹಾಕುವ ಇನ್ನೊಂದು ಅಣು ಅದರ ಮೈಗೆ ಮೈ ತಾಗಿಸಿ ಕೂರುತ್ತದೆ. ಆಗ ಮಾತ್ರ ನೇರಳೆ ಬಣ್ಣ ಬರುತ್ತದೆ. ಇಬ್ಬರಲ್ಲಿ ಒಬ್ಬರು ಬರದಿದ್ದರೂ ಬಣ್ಣವಿಲ್ಲ.

ಅತ್ತಿಯ ಕಿಡ್ನಿ ಕೆಟ್ಟಾಗ ನಾವು ಏನೂ ಮಾಡಲಾಗದೆ ಮಿರಜದ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದೆವು. ನೀವು ಇವನ್ನೆಲ್ಲ ಕೇಳುವುದು ಅದರಿಂದಲೇ ಎಂದು ಗೊತ್ತು. ಆದರೆ ಅದು ಬೇರೆ, ಇದು ಬೇರೆ ಮಾಮಾ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀರು ಬೇಗ ಕಳಿಸಿ.

ಪ್ರಾಜಕ್ತಾ


ಶೇಡಬಾಳ
21 ಡಿಸೆಂಬರ್ 2024

ಪ್ರಾಜಕ್ತಾ,

ಅದು ಬೇರೆ, ಇದು ಬೇರೆ ಎಂದು ಬರೆದಿದ್ದೀಯಲ್ಲ. ಬೇರೆ ಅಲ್ಲ.

ಆ ವರ್ಷ ಇದೇ ತಿಂಗಳು ಹನ್ನೆರಡನೆಯ ತಾರೀಖು. ದ್ರಾಕ್ಷಿಯ ಬದುವಿನಲ್ಲಿ ಹುಲ್ಲು ಬೆಳೆದಿತ್ತು. ಕಸದ ಎಣ್ಣಿ ಅರ್ಧ ಲೀಟರ್ ಸಾಕಿತ್ತು, ಅಂಗಡಿಯವನು ಬಿಡಿಯಾಗಿ ಕೊಡುತ್ತೇನೆ, ಬಾಟಲಿ ತಾ ಎಂದ. ಮನೆಯಲ್ಲಿ ನಿನ್ನ ಅತ್ತಿಯ ಆಮಸೂಲ ಶರಬತ್ತಿನ ಬಾಟಲಿ ಖಾಲಿ ಇತ್ತು, ಒಯ್ದೆ. ತುಂಬಿಸಿ ತಂದು ಪಂಪಿನ ಕೋಣೆಯ ಗೂಡಿನಲ್ಲಿ ಇಟ್ಟೆ. ಅವಳಿಗೆ ಹೇಳಲಿಲ್ಲ. ಹೇಳುವಂಥದು ಏನಿದೆ ಎಂದು ಬಿಟ್ಟೆ.

ಅವಳಿಗೆ ಅಂದು ಏಕಾಸನ, ಒಂದೇ ಹೊತ್ತಿನ ಊಟ. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವಳಲ್ಲ. ದಿನವಿಡೀ ಗೊನೆ ಕಟ್ಟಿ ದಣಿದಿದ್ದಳು. ಸೂರ್ಯ ಕಬ್ಬಿನ ಸೂಲಂಗಿಗೆ ತಾಗಿದ್ದ. ನಾನೇ ಬದುವಿನಿಂದ ಕೂಗಿದೆ. "ಲಗೂನ ಏನರ ಕುಡಿ, ಹೊತ್ತ ಹೊಂಟತಿ ನೋಡ, ಮತ್ತ ಬೆಳಗ ಆಗೂತನಾ ಹಂಗ ಇರ್ತಿ." ಅವಳು ಕೋಣೆಯೊಳಗೆ ಓಡಿದಳು. ಅಲ್ಲಿ ಕತ್ತಲೆ. ಕೈಗೆ ಸಿಕ್ಕಿದ್ದು ತನ್ನದೇ ಬಾಟಲಿ.

ಬಾಗಿಲಿಗೆ ಬಂದು ಉಗುಳುವುದನ್ನು ಬದುವಿನಿಂದಲೇ ಕಂಡೆ; ಅವಳು ಬಾವಿಯ ಕಡೆ ಹೋದ ಮೇಲೆ ಕೋಣೆಗೆ ಬಂದು ನೋಡಿದರೆ ಆ ಬಾಟಲಿಯ ಮುಚ್ಚಳ ತೆರೆದಿತ್ತು, ಆದರೂ ಅವಳನ್ನು ಏನೂ ಕೇಳಲಿಲ್ಲ. ಒಂದು ಗುಟುಕು ಒಳಗೆ ಹೋಗಿತ್ತು.

ವಾಂತಿಯಾದಾಗ ದವಾಖಾನೆಗೆ ಒಯ್ದೆ. ಡಾಕ್ಟರು ಕೇಳಿದರು, "ಏನರ ಔಷಧ ಗಿವಷಧ ಹೊಟ್ಟಿಗೆ ಹೋಗೇತೇನ್ರಿ?" ನಾನು ಇಲ್ಲ ಎಂದೆ. ಮೂರನೆಯ ದಿನ ಬಾಯಿ ಹುಣ್ಣಾದಾಗ ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದೆ. ಮನೀಷಾಳ ಲಗ್ನ ಎರಡು ತಿಂಗಳಿಗೆ ಬಂದಿತ್ತು. ರಾಜಮತಿ ಎಣ್ಣಿ ಕುಡಿದಳು ಎಂದು ಊರಾಗ ಒಂದು ಮಾತು ಹುಟ್ಟಿದರೆ, ಕೈತಪ್ಪಿ ಕುಡಿದಳೋ ಬೇಕೆಂದೇ ಕುಡಿದಳೋ ಎಂದು ಯಾರು ಕೇಳುತ್ತಾರೆ? ಆ ತಾಯಿಯ ಮಗಳನ್ನು ಯಾರು ಮನೆಗೆ ತಂದುಕೊಳ್ಳುತ್ತಾರೆ?

ಹನ್ನೊಂದನೆಯ ದಿನ ಹೋದಳು. ಕಾಗದದ ಮೇಲೆ ಕಿಡ್ನಿ ಎಂದು ಬರೆದರು. ಲಗ್ನ ವೈಶಾಖಕ್ಕೆ ಹೋಯಿತು, ಮುರಿಯಲಿಲ್ಲ.

ಬಾಟಲಿ ಇನ್ನೂ ಇದೆ. ಪಂಪಿನ ಕೋಣೆಯ ಅಟ್ಟದ ಮೇಲೆ, ಹಳೆಯ ಸ್ಪ್ರೇ ಪಂಪಿನ ಹಿಂದೆ, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ. ಬಿಸಾಡಲಾಗಲಿಲ್ಲ. ಅಂಗಡಿಯವನು ಅಂದು ಬೇರೆ ಏನಾದರೂ ಹಾಕಿ ಕೊಟ್ಟಿರಬಹುದು, ನಿಜವಾಗಿಯೂ ಕಿಡ್ನಿಯೇ ಕೆಟ್ಟಿರಬಹುದು ಎಂದು ಒಂಬತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಟ್ರಂಕಿನಲ್ಲಿ ಇಡುತ್ತೇನೆ.


ಶೇಡಬಾಳ
22 ಡಿಸೆಂಬರ್ 2024

ಡಿಯರ್ ಪ್ರಾಜಕ್ತಾ,

ಐದು ಬಾಟಲಿ ಕಳಿಸಿದೆ. ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್. 1 ಚಿಕ್ಕೋಡಿ. 2 ನಿಪ್ಪಾಣಿ. 3 ಚಿಂಚಲಿ. 4 ಅನಂತಪುರ. 5 ನಮ್ಮ ತೋಟ.

ಐದನೆಯದನ್ನು ಸ್ವಲ್ಪ ಕಾಳಜಿಯಿಂದ ನೋಡು. ಬೇರೇನೂ ವಿಶೇಷವಿಲ್ಲ. ತಂಡಿ ಹೆಚ್ಚಾಗಿದೆ, ಸ್ವೆಟರ್ ಹಾಕಿಕೊ.

ಶ್ರೀಪಾಲ


ಧಾರವಾಡ
3 ಜನವರಿ 2025

ಮಾಮಾ!

ನಾಲ್ಕು ಬಾಟಲಿಗಳಲ್ಲಿ ಬಣ್ಣವಿಲ್ಲ. ಐದನೆಯದರಲ್ಲಿ ಎರಡು ಹನಿ ಹಾಕಿದ ಕೂಡಲೇ ನೇರಳೆ! ಇಡೀ ಲ್ಯಾಬ್ ಕುಣಿಯಿತು. ನಾಲ್ಕು ವರ್ಷದಲ್ಲಿ ಹೊರಗಿನ ನೀರಿನಲ್ಲಿ ನನ್ನ ಬಳೆ ಅತಿಥಿಯನ್ನು ಹಿಡಿದದ್ದು ಇದೇ ಮೊದಲು. ನಿಮಗೆ ಪೇಢೆ ಕಳಿಸುತ್ತೇನೆ ಎಂದು ಎಲ್ಲರಿಗೂ ಹೇಳಿದೆ.

ಸಂಜೆಗೆ ಕುಣಿತ ನಿಂತಿತು. ಮೇಡಂ ಕರೆದು ಕೇಳಿದರು, "ಇದು ಜನ ಕುಡಿಯೂ ಬಾವಿ ಏನವಾ?" ಹೊಡೆದ ಔಷಧ ಮಣ್ಣಿಗೆ ಅಂಟಿಕೊಂಡುಬಿಡುತ್ತದೆ, ಬಾವಿಗೆ ಇಳಿಯುವುದು ಕಡಿಮೆ. ಕಣ್ಣಿಗೆ ಬಣ್ಣ ಕಾಣುವಷ್ಟು ಇದೆಯೆಂದರೆ ಯಾರೋ ನೇರವಾಗಿ ಸುರಿದಿರಬೇಕು.

ಆ ನೀರು ಕುಡಿಯಬೇಡಿ. ಸಿದ್ದಲಿಂಗ ಮಾಮಾಗೆ, ಕಸ್ತೂರೆವ್ವಗೆ ಈಗಲೇ ಹೇಳಿ. ಮೇಡಂ ತಾಲೂಕು ಕಚೇರಿಗೆ ಪತ್ರ ಬರೆದಿದ್ದಾರೆ. ಗೊತ್ತಾದ ಮೇಲೆ ಸುಮ್ಮನಿರುವಂತಿಲ್ಲ.

ಪ್ರಾಜಕ್ತಾ


ಶೇಡಬಾಳ
11 ಜನವರಿ 2025

ಪ್ರಾಜಕ್ತಾ,

ಕಚೇರಿಯವರು ಬಂದಿದ್ದರು. ಪಂಪಿಗೆ ಕಾಗದ ಅಂಟಿಸಿ ಕೀಲಿ ಹಾಕಿ ಹೋದರು. ತಾವೂ ನೀರು ಒಯ್ದಿದ್ದಾರೆ, ಬೆಳಗಾವಿಯಿಂದ ರಿಪೋರ್ಟ್ ಬರಲು ಎಷ್ಟು ದಿನವೋ ಏನೋ.

ನನಗನಿಸುವುದೇನೆಂದರೆ ನಿನ್ನ ಪರೀಕ್ಷೆಯಲ್ಲಿ ಏನೋ ತಪ್ಪಾಗಿರಬಹುದು. ಬಾಟಲಿ ಮೊದಲೇ ಹೊಲಸಿರಬಹುದು. ಆಸ್ ಪರ್ ಮೈ ನಾಲೆಡ್ಜ್, ಗಾಜು ಸರಿಯಾಗಿ ತೊಳೆಯದಿದ್ದರೆ ಎಂಥ ಬಣ್ಣವೂ ಬರುತ್ತದೆ. ನಮ್ಮ ಕಾಲೇಜಿನಲ್ಲಿ ಹಾಗೆ ಬಹಳ ಸಲ ಆಗಿತ್ತು. ಆ ಐದನೆಯದನ್ನು ಬಿಟ್ಟುಬಿಡಲು ಬರುವುದಿಲ್ಲವೇ? ನಾಲ್ಕು ತಾಲೂಕು ಸಾಕಲ್ಲ. ಕಾಗವಾಡ ಮೊನ್ನೆ ಮೊನ್ನೆ ಆದ ತಾಲೂಕು, ಮೊದಲು ಅಥಣಿಯೊಳಗೇ ಇತ್ತು.

ಕಸ್ತೂರೆವ್ವ ಊರಿನಿಂದ ಕೊಡ ಹೊತ್ತು ತರುತ್ತಿದ್ದಾಳೆ. ನಿನ್ನ ಪೇಢೆ ಬಂದಿವೆ. ತಿಂದಿಲ್ಲ, ಹಲ್ಲು ನೋವು.

ಶ್ರೀಪಾಲ


ಧಾರವಾಡ
16 ಜನವರಿ 2025

ಮಾಮಾ,

ಮೂರು ಸಲ ಮತ್ತೆ ಮಾಡಿದೆ. ದೊಡ್ಡ ಯಂತ್ರಕ್ಕೂ ಕೊಟ್ಟೆ. ಅದೇ ಬಂತು. ಗಾಜಿನ ತಪ್ಪಲ್ಲ. ಬಾಟಲಿ ಮೊದಲೇ ಹೊಲಸಿತ್ತೋ ಹೇಗೆ, ಅದನ್ನು ಹೇಳಬೇಕಾದವರು ನೀವು.

"ಬಿಟ್ಟುಬಿಡು" ಎಂದು ನೀವು ಬರೆದದ್ದು ನನಗೆ ಸೇರಲಿಲ್ಲ. ಸಿದ್ದಲಿಂಗ ಮಾಮಾನನ್ನು ಉಳಿಸಲು ನೋಡುತ್ತಿದ್ದೀರಿ ಎಂದು ಕಾಣುತ್ತದೆ. ಸ್ಪ್ರೇ ಪಂಪ್ ಅವರು ಬಾವಿಯ ಕಟ್ಟೆಯ ಮೇಲೇ ತೊಳೆಯುತ್ತಿದ್ದುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಸ್ನೇಹ ಇರಲಿ. ಆದರೆ ಅವರ ಮೊಮ್ಮಗಳು ಕಾಜಲ ಅದೇ ನೀರು ಕುಡಿಯುತ್ತಾಳೆ. ತಪ್ಪು ಅವರದಾಗಿದ್ದರೆ ಹಾಗೆಂದು ಹೇಳಿಬಿಡಿ. ಮುಚ್ಚಿಟ್ಟರೆ ಯಾರಿಗೆ ಒಳ್ಳೆಯದಾಗುತ್ತದೆ?

ಉತ್ತರ ಬರೆಯಿರಿ.

ಪ್ರಾಜಕ್ತಾ


ಶೇಡಬಾಳ
5 ಫೆಬ್ರುವರಿ 2025

ಅವ್ವಾ ಪ್ರಾಜಕ್ತಾ,

ಇಪ್ಪತ್ತು ದಿನ ಬರೆಯಲಿಲ್ಲ. ಅಥಣಿಗೆ ಹೋದೆ, ಬಂದೆ. ಚಿಕ್ಕೋಡಿಗೆ ಹೋದೆ. ಕಾಲೇಜಿನ ಗೇಟಿನಲ್ಲಿ ಸುಮ್ಮನೆ ನಿಂತು ಬಂದೆ. ರಾಯಬಾಗದ ಬಸ್ಸು ಹತ್ತಿ ಕುಡಚಿಯಲ್ಲಿ ಇಳಿದು ತಿರುಗಿ ಬಂದೆ. ಮನೆಯಲ್ಲಿ ಗೋಡೆಗಳು ಹತ್ತಿರ ಬಂದಂತೆ ಆಗುತ್ತದೆ. ನಿನ್ನ ಬಳೆಯೊಳಗಿನ ನೀರು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗ ಇವಳಿಗೆ ನನ್ನ ಸುದ್ದಿ ಯಾರು ಹೇಳಿದರು ಅನಿಸಿತ್ತು.

ನಿನ್ನೆ ಸಿದ್ದಲಿಂಗ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ಕೂತ.

"ಶ್ರೀಪಾಲಣ್ಣಾ, ತಪ್ಪ ನಂದ ಐತಿ" ಎಂದ.

"ಏನೋ ಅದು?"

"ಹ್ವಾದ ವರ್ಷ ಪಂಪ ಬಾವಿ ಕಟ್ಟಿ ಮ್ಯಾಲ ತೊಳದಿದ್ದೆ. ಈಕಿ ಬ್ಯಾಡ ಅಂದ್ಲು. ಒಂದೀಟ ನೀರಾಗ ಹ್ವಾದ್ರ ಏನಾಕ್ಕೇತಿ ಬಿಡ ಅಂದೆ. ದೀಪಾವಳಿಗಿ ಕಾಜಲಗ ಹೊಟ್ಟಿ ಬ್ಯಾನಿ ಬಂದಿತ್ತಲ್ಲ, ನೆನಪೈತಿಲ್ಲ? ನಾನ ವಿಷಾ ಕುಡಿಸೇನಿ. ಮೊಮ್ಮಗಳಿಗಿ ನನ್ನ ಕೈಯಾರ ಕುಡಿಸೇನಿ."

ಅರವತ್ತು ದಾಟಿದ ಗಂಡಸು ಟಾವೆಲ್ ಬಾಯಿಗೆ ತುರುಕಿಕೊಂಡು ಅತ್ತ. ನಾನು ನೋಡುತ್ತ ನಿಂತೆ. "ಚಾ ಕುಡೀತಿ?" ಎಂದೆ. ಅಷ್ಟೇ ಬಂತು ಬಾಯಿಗೆ. ಅವನು ಎದ್ದು ಹೋದ.

ಐದನೆಯ ಬಾಟಲಿಯಲ್ಲಿದ್ದದ್ದು ಬಾವಿಯ ನೀರಲ್ಲ. ಒಂದು ಹಳೆಯ ಬಾಟಲಿಯನ್ನು ಬಾವಿಯ ನೀರು ಹಾಕಿ ಅಲುಗಾಡಿಸಿ, ಆ ನೀರನ್ನು ತುಂಬಿ ಕಳಿಸಿದ್ದೆ. ಯಾವ ಬಾಟಲಿ ಎಂಬುದು ಜೊತೆಗಿರುವ ಕಾಗದದಲ್ಲಿದೆ. ಡಿಸೆಂಬರಿನಲ್ಲಿ ಬರೆದದ್ದು, ಹಾಕಿರಲಿಲ್ಲ. ಬಣ್ಣ ಬರದಿದ್ದರೆ ನನ್ನೊಬ್ಬನಿಗೆ ತಿಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದೆ. ಬಣ್ಣ ಬಂದರೆ ಏನು ಎಂದು ವಿಚಾರ ಮಾಡಿರಲಿಲ್ಲ. ಇನ್ಫರೆನ್ಸ್ ಮೊದಲೇ ಬರೆದಿಟ್ಟಿದ್ದೆ.

ಒಂದೇ ಮಾತು ಕೇಳುತ್ತೇನೆ. ಸಮಾಧಾನ ಮಾಡಬೇಡ. ಡಾಕ್ಟರು ಕೇಳಿದಾಗ ನಾನು ಹೌದು ಎಂದಿದ್ದರೆ ನಿನ್ನ ಅತ್ತಿ ಉಳಿಯುತ್ತಿದ್ದಳೇ?

ಶ್ರೀಪಾಲ


ಧಾರವಾಡ
12 ಫೆಬ್ರುವರಿ 2025

ಮಾಮಾ,

ಎರಡು ಪತ್ರ ಬರೆದು ಹರಿದೆ. ಇದು ಮೂರನೆಯದು.

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಹೌದು ಎಂದಿದ್ದರೆ ಹೊಟ್ಟೆಯಲ್ಲಿ ಉಳಿದದ್ದನ್ನು ಹಿಡಿಯಲು ಇದ್ದಿಲ ಪುಡಿಯನ್ನೋ ವಿಷ ಹೀರುವ ಜೇಡಿಮಣ್ಣನ್ನೋ ಕೊಡುತ್ತಿದ್ದರು. ಆಮ್ಲಜನಕವನ್ನು ಆದಷ್ಟು ಕಡಿಮೆ ಕೊಡುತ್ತಿದ್ದರು, ಈ ವಿಷಕ್ಕೆ ಅದು ಬೆಂಕಿಗೆ ಗಾಳಿ ಹಾಕಿದಂತೆ. ಉಳಿಯುತ್ತಿದ್ದರು ಎಂದು ಹೇಳಲಾರೆ. ಆ ಪ್ರಮಾಣಕ್ಕೆ ಹೆಚ್ಚಿನವರು ಉಳಿಯುವುದಿಲ್ಲ. ಕೆಲವರು ಉಳಿಯುತ್ತಾರೆ. ಅತ್ತಿ ಆ ಕೆಲವರೊಳಗಿನವರೋ ಅಲ್ಲವೋ ಎಂಬುದನ್ನು ನನ್ನ ಬಳೆಯೂ ಹೇಳುವುದಿಲ್ಲ, ಯಾವ ಯಂತ್ರವೂ ಹೇಳುವುದಿಲ್ಲ. ಸಮಾಧಾನ ಮಾಡಬೇಡ ಎಂದಿರಿ, ಮಾಡಿಲ್ಲ.

ಇನ್ನು ನನ್ನ ಮಾತು. ನಿಮ್ಮ ಮೇಲೆ ಸಿಟ್ಟಿದೆ. ದವಾಖಾನೆಯಲ್ಲಿ ಅತ್ತಿಗೆ ಹಾಲು ಕುಡಿಸಿದವಳು ನಾನು. ನುಂಗಲಾಗುತ್ತಿರಲಿಲ್ಲ. ನಾಲಿಗೆ ಬೆಳ್ಳಗೆ ಸುಟ್ಟಿತ್ತು. "ಔಷಧದ ಉಷ್ಣ" ಎಂದಿರಿ, ನಂಬಿದೆ. ಆಮೇಲೆ ನಾಲ್ಕು ವರ್ಷ ಈ ವಿಷದ ಲಕ್ಷಣಗಳನ್ನು ಓದಿದ್ದೇನೆ, ಬರೆದಿದ್ದೇನೆ, ಸಭೆಗಳಲ್ಲಿ ಚಿತ್ರ ತೋರಿಸಿದ್ದೇನೆ. ಒಮ್ಮೆಯೂ, ಒಂದೇ ಒಂದು ಸಲವೂ ಅತ್ತಿಯ ಬಾಯಿ ನೆನಪಾಗಲಿಲ್ಲ. ಸಾವಿರ ಅಣುಗಳ ನಡುವೆ ಒಂದನ್ನು ಗುರುತಿಸುವುದು ನನ್ನ ಕೆಲಸ. ಈ ಸಿಟ್ಟಿನಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇನ್ನೂ ಗೊತ್ತಾಗುತ್ತಿಲ್ಲ.

ಮೇಡಂಗೆ ಎಲ್ಲವನ್ನೂ ಹೇಳಿದೆ. ಐದನೆಯ ಬಾಟಲಿಯನ್ನು ಲೆಕ್ಕದಿಂದ ತೆಗೆದರು. ಕಚೇರಿಗೆ ಅವರೇ ಬರೆಯುತ್ತಾರೆ. ಆದರೆ ಸಿದ್ದಲಿಂಗ ಮಾಮಾಗೆ ಕಚೇರಿಯ ಕಾಗದ ಹೇಳಬಾರದು, ನೀವು ಹೇಳಬೇಕು. ಮನೀಷಾಗೂ ನೀವೇ. ನಾನು ಹೇಳುವುದಿಲ್ಲ. ನಾನು ಹೇಳಿದರೆ ನಿಮ್ಮ ಹೊಟ್ಟೆಯೊಳಗಿನದು ಅಲ್ಲೇ ಉಳಿಯುತ್ತದೆ.

ಪ್ರಾಜಕ್ತಾ


ಶೇಡಬಾಳ
27 ಫೆಬ್ರುವರಿ 2025

ಅವ್ವಾ ಪ್ರಾಜಕ್ತಾ,

ಹೇಳಿದೆ.

ಮೊದಲು ನಿಪ್ಪಾಣಿಗೆ ಹೋದೆ. ಮನೀಷಾ ಭಕ್ರಿ ಬಡಿಯುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಬಡಿಯುತ್ತಲೇ ಇದ್ದಳು, ಹೆಂಚಿನ ಮೇಲಿನದು ಹೊತ್ತಿ ಕರಕಾಯಿತು. ಆಮೇಲೆ ಒಂದೇ ಮಾತು ಕೇಳಿದಳು. "ನನ್ನ ಲಗ್ನದ ಸಲುವಾಗಿ?" ನಾನು ಹೂಂ ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸಿಗೆ ಕಳಿಸಲು ಬರಲಿಲ್ಲ. ಆದರೆ ಅಳಿಯನ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸಿದ್ದಳು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು. ಇದನ್ನು ಹೇಗೆ ತಿಳಿದುಕೊಳ್ಳಬೇಕೋ ನನಗೆ ತಿಳಿಯದು.

ಮರುದಿನ ಸಿದ್ದಲಿಂಗನ ಮನೆಗೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ. ಬಾಟಲಿಯನ್ನೂ ಒಯ್ದು ಮುಂದೆ ಇಟ್ಟೆ. ಸಿದ್ದಲಿಂಗ ಬಾಟಲಿಯನ್ನು ತಿರುಗಿಸಿ ನೋಡಿದ. ಆಮೇಲೆ ಎದ್ದು ನನ್ನ ಅಂಗಿ ಹಿಡಿದ.

"ಒಂದ ತಿಂಗಳಾತೋ ಶ್ರೀಪಾಲಾ. ಒಂದ ತಿಂಗಳಾ ನಾ ನನ್ನ ಮೊಮ್ಮಗಳ ಮಾರಿ ನೋಡಿಲ್ಲ. ನನ್ನ ಮುಂದ ನಿಂತು ಚಾ ಕುಡೀತಿ ಏನ ಅಂತ ಕೇಳಿದ್ಯಲ್ಲೋ, ಮನಶ್ಯಾ ಏನ ನೀ?"

ಮೊದಲು ಅಣ್ಣಾ ಎನ್ನುತ್ತಿದ್ದ. ಇನ್ನು ಅನ್ನುವುದಿಲ್ಲವೇನೋ.

ಕಸ್ತೂರೆವ್ವ ಗಂಡನ ಕೈ ಬಿಡಿಸಿದಳು. "ಬಿಡ್ರಿ ಅವರನ್ನ. ಅವರೊಬ್ಬರ ಅಲ್ಲ, ನಂಗೂ ಗೊತ್ತಿತ್ತ" ಎಂದಳು.

ಪ್ರಾಜಕ್ತಾ, ಇದನ್ನು ನಿಂತು ಬರೆಯುತ್ತಿದ್ದೇನೆ. ಆ ಸಂಜೆ ಕಸ್ತೂರೆವ್ವ ಬಾವಿಯ ಆಚೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳಂತೆ. ನಿನ್ನ ಅತ್ತಿ ಕಟ್ಟೆಗೆ ಬಂದು ಬಾಯಿ ತೊಳೆದುಕೊಳ್ಳುವುದನ್ನು ಕಂಡು ಏನಾತು ಎಂದು ಕೇಳಿದಳಂತೆ. ಕಸ್ತೂರೆವ್ವ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ರಾಜಕ್ಕ ಅಂದ್ಲು, ಕಸದ ಎಣ್ಣಿ ಬಾಯಾಗ ಹ್ವಾತ ಕಸ್ತೂರಿ, ಅವರು ನನ್ನ ಬಾಟ್ಲ್ಯಾಗ ಹಾಕಿಟ್ಟಾರ. ಬಾ ದವಾಖಾನಿಗಿ ಹೋಗೂಣು ಅಂದೆ. ಒಲ್ಲೆ ಅಂದ್ಲು. ಉಗುಳೇನಿ, ಏನೂ ಆಗೂದಿಲ್ಲ. ಯಾರ ಮುಂದೂ ಹೇಳಬ್ಯಾಡ, ಅವರ ಮುಂದಂತೂ ಬ್ಯಾಡ. ತಾವ ಇಟ್ಟಿದ್ದ ಅಂತ ಗೊತ್ತಾದ್ರ ಜೀವಾ ಇಟ್ಕೊಳ್ಳಾಂಗಿಲ್ಲ ಅವರು. ಹಂಗ ಅಂದು ನನ್ನ ಕಡಿಂದ ಆಣಿ ಮಾಡಿಸ್ಕೊಂಡ್ಲು. ಅಕಿ ಹ್ವಾದ ಮ್ಯಾಲ ಯಾರ ಮುಂದ ಬಾಯಿ ಬಿಡ್ಲಿ?"

ಆ ಹನ್ನೊಂದು ದಿನ ಒಂದೇ ಕೋಣೆಯಲ್ಲಿ ಅವಳು ಮಂಚದ ಮೇಲೆ, ನಾನು ಸ್ಟೂಲಿನ ಮೇಲೆ. ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ನನಗೆ ಗೊತ್ತಿರುವುದು ಅವಳಿಗೆ ಗೊತ್ತಾಗಬಾರದೆಂದು ನಾನು ನೋಡಿಕೊಂಡೆ. "ಏನ ತಿಂದಿದ್ದಿ ಅವತ್ತ?" ಎಂದು ಡಾಕ್ಟರ ಎದುರು ಅವಳನ್ನು ಕೇಳಿದ್ದೆ, ನಾಟಕಕ್ಕೆ. "ಏನಿಲ್ರಿ" ಎಂದಿದ್ದಳು, ನನ್ನ ಮುಖ ನೋಡುತ್ತ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು.

ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಆದರೆ ಮೊನ್ನೆಯಿಂದ ಬಸ್ಸು ಹತ್ತಿಲ್ಲ. ನನ್ನೊಳಗೇ ಅವಳೊಂದಿಗೆ ಜಗಳವಾಡುತ್ತ ಕಟ್ಟೆಯ ಮೇಲೆ ಕೂರುತ್ತೇನೆ. ಕೂರಲು ಬರುತ್ತಿದೆ.

ಬಾವಿಯ ನೀರು ಮತ್ತೆ ಕಳಿಸಿದ್ದೇನೆ. ಈ ಸಲ ಹಗ್ಗ ಇಳಿಬಿಟ್ಟು ತುಂಬಿದವನು ಸಿದ್ದಲಿಂಗ. ಮುಚ್ಚಳದ ಮೇಲೆ ಪಟ್ಟಿ ಹಚ್ಚಿ ಅವನೇ ರುಜು ಹಾಕಿದ್ದಾನೆ. ನಾನು ಮುಟ್ಟಿಲ್ಲ. ದೂರದಲ್ಲಿ ನಿಲ್ಲು ಎಂದ, ನಿಂತೆ. ಬೆಳಗಾವಿಯ ರಿಪೋರ್ಟ್ ಬಂದರೂ ಅವನು ನಂಬುವುದಿಲ್ಲವಂತೆ. "ಪ್ರಾಜಕ್ತಾ ಏನ ಅಂತಾಳ ಕೇಳ, ಅಕಿ ಹೇಳಿದ ಮ್ಯಾಲ ಕಾಜಲಗ ಕುಡಸ್ತೇನಿ" ಎಂದ. ಹಳೆಯ ಬಾಟಲಿಯನ್ನೂ ಬೇರೆ ಡಬ್ಬಿಯಲ್ಲಿ ಸೀಲ್ ಮಾಡಿ ಇಟ್ಟಿದ್ದೇನೆ. ಹೇಗೆ ನಾಶ ಮಾಡಬೇಕೋ ನಿನಗೆ ಗೊತ್ತಿರುತ್ತದೆ, ಬಂದಾಗ ಒಯ್ಯಿ. ಬರುವುದಾದರೆ.

ಶ್ರೀಪಾಲ


ಧಾರವಾಡ
6 ಮಾರ್ಚ್ 2025

ಮಾಮಾ,

ಎಕ್ಸ್‌ಪೆರಿಮೆಂಟ್: ಬಾವಿಯ ನೀರು, ಸಿದ್ದಲಿಂಗ ಮಾಮಾನ ರುಜು ಇದ್ದದ್ದು. ನಾಲ್ಕು ಸಲ, ಆಮೇಲೆ ದೊಡ್ಡ ಯಂತ್ರದಲ್ಲಿ ಒಂದು ಸಲ.

ಆಬ್ಜರ್ವೇಶನ್: ಬಣ್ಣ ಬರಲಿಲ್ಲ. ಯಂತ್ರದಲ್ಲೂ ಏನೂ ಇಲ್ಲ.

ಇನ್ಫರೆನ್ಸ್: ಕಾಜಲ ಕುಡಿಯಬಹುದು.

ಈ ಕಾಗದವನ್ನು ನೀವು ಓದಿ ಹೇಳಬೇಡಿ. ಸಿದ್ದಲಿಂಗ ಮಾಮಾನ ಕೈಗೇ ಕೊಡಿ, ಅವರೇ ಓದಿಕೊಳ್ಳಲಿ.

ಭಾನುವಾರ ನಾನೂ ಮನೀಷಾನೂ ಬರುತ್ತಿದ್ದೇವೆ. ನಿಪ್ಪಾಣಿಯ ಬಸ್ಸು ನಾಲ್ಕಕ್ಕೆ ಮುಟ್ಟುತ್ತದಂತೆ. ನೀರು ಗಾಳಿಸಿ ಇಡಿ, ಹೊತ್ತು ಮುಳುಗಲು ಎರಡು ತಾಸು ಸಿಗುತ್ತದೆ. ಯಾರೂ ಅವಸರ ಮಾಡುವುದು ಬೇಡ.

ಪ್ರಾಜಕ್ತಾ